ಮುಂಗೋಳಿ ಹೇಳಿದ ಸುಳ್ಳು

ಅವರು ಎಲ್ಲಿಗಾದರೂ ತಡವಾಗಿ ಬಂದದ್ದನ್ನು ನಾನು ಕಂಡಿಲ್ಲ. ಹೊತ್ತಿಗೆ ಸರಿಯಾಗಿ ಬಂದದ್ದನ್ನೂ ಕಂಡಿಲ್ಲ. ಯಾವಾಗಲೂ ಮುಂಚೆಯೇ ಬರುತ್ತಿದ್ದರು. ಮದುವೆಗೆ ಕರೆದರೆ ಕುರ್ಚಿ ಹಾಕುವವರ ಜೊತೆ ಸೇರಿ ಕುರ್ಚಿ ಹಾಕುತ್ತಿದ್ದರು, ಸಭೆಗೆ ಕರೆದರೆ ಬೀಗದ ಕೈ ತರುವವನನ್ನು ಬಾಗಿಲಲ್ಲಿ ನಿಂತು ಎದುರುಗೊಳ್ಳುತ್ತಿದ್ದರು, ರೈಲು ಹತ್ತಬೇಕಾದರೆ ಅದಕ್ಕೂ ಹಿಂದಿನ ರೈಲನ್ನು ಕಳಿಸಿಕೊಟ್ಟು ತಮ್ಮ ರೈಲಿಗಾಗಿ ಕಾಯುತ್ತ ಕೂರುತ್ತಿದ್ದರು. ಒಮ್ಮೆ ಹಳೆಯ ಜೊತೆಗಾರರೊಬ್ಬರು ತೀರಿಕೊಂಡರೆಂಬ ಸುದ್ದಿ ಕಿವಿಗೆ ಬಿದ್ದು, ಕೋಟು ಏರಿಸಿಕೊಂಡು ಓಡಿದರು. ಹೋಗಿ ನೋಡಿದರೆ ಹೋಗಬೇಕಾದವರು ಇನ್ನೂ ಹೋಗಿರಲಿಲ್ಲ, ದಿಂಬಿಗೆ ಒರಗಿ ಬಿಸಿನೀರು ಗುಟುಕರಿಸುತ್ತಿದ್ದರು. ಇವರನ್ನು ಕಂಡು ‘ಇಷ್ಟು ಬೇಗ ಬಂದ್ಯಾ?’ ಎಂದರಂತೆ. ಸಂಜೆಯ ತನಕ ಇದ್ದು, ಅವರು ಹೋದ ಮೇಲೆಯೇ ಇವರು ಮನೆಗೆ ಮರಳಿದರು.

ಅವರು ದುಡಿಯುತ್ತಿದ್ದ ಲಾಂಡ್ರಿ ಕಾರ್ಖಾನೆಯಲ್ಲಿ ಎದುರಿಗೆ ಎಲ್ಲರೂ ಅವರನ್ನು ‘ಅಣ್ಣ’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ಮುಂಗೋಳಿ’. ಆ ಹೆಸರು ಅವರಿಗೂ ಗೊತ್ತಿತ್ತು, ಗೊತ್ತಿದೆಯೆಂಬುದು ಹೆಸರಿಟ್ಟವರಿಗೂ ಗೊತ್ತಿತ್ತು, ಅದರಿಂದ ಯಾರಿಗೂ ಬೇಸರವಿರಲಿಲ್ಲ. ನಾನು ಅವರ ಮನೆಯ ಮಹಡಿಯ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಕೆಲಸ ನನ್ನದು. ಮೂಗು ಸೋರಿದರೆ ಸಾಕು, ಹೊದಿಕೆ ತಲೆತನಕ ಎಳೆದುಕೊಂಡು ದೇವರಿಗೆ ಕೃತಜ್ಞತೆ ಸಲ್ಲಿಸುವ ಸ್ವಭಾವ. ಇಂಥ ನನಗೆ, ಬೆಳಕು ಹರಿಯುವ ಮೊದಲೇ ಕೆಳಗೆ ಬಾಗಿಲ ಅಗುಳಿ ಸರಿಯುವ ಸದ್ದು ದಿನವೂ ಛೀಮಾರಿಯ ಹಾಗೆ ಕೇಳುತ್ತಿತ್ತು. ಎಷ್ಟೋ ಸಲ ಆ ಅಗುಳಿಗೆ ಎಣ್ಣೆ ಹಾಕಿ ಬರೋಣವೆನ್ನಿಸಿದೆ. ಹಾಸಿಗೆ ಬಿಟ್ಟು ಏಳಬೇಕಲ್ಲ ಎಂದು ಸುಮ್ಮನಾಗಿದ್ದೇನೆ.

ಅವರ ನಡಿಗೆಯೇ ಒಂದು ಬಗೆ. ಆಸ್ಪತ್ರೆಗಳ, ವಸತಿಗೃಹಗಳ ಹಾಸುಬಟ್ಟೆಗಳನ್ನು ಒಗೆದು, ಇಸ್ತ್ರಿ ಮಾಡಿ, ಮಡಿಸಿ ಕಳಿಸುವ ಕಾರ್ಖಾನೆ ಅದು. ಅಲ್ಲಿ ಇಬ್ಬರು ಎದುರುಬದುರು ನಿಂತು ಬಟ್ಟೆಯ ತುದಿಗಳನ್ನು ಹಿಡಿದು, ಝಾಡಿಸಿ, ಹತ್ತಿರ ಬಂದು ಒಬ್ಬರ ತುದಿ ಇನ್ನೊಬ್ಬರ ಕೈಗೆ ಕೊಟ್ಟು, ಮತ್ತೆ ಹಿಂದಕ್ಕೆ ಸರಿಯಬೇಕು. ಒಂದು ಆಯುಷ್ಯವೆಲ್ಲ ಹೀಗೆ ಮುಂದೆ ಬಂದು ಹಿಂದೆ ಸರಿದ ಮನುಷ್ಯನಿಗೆ ಬೀದಿಯಲ್ಲಿಯೂ ಅದೇ ರೂಢಿಯಾಗಿತ್ತು: ಮಾತಾಡುತ್ತ ಮಾತಾಡುತ್ತ ನಮ್ಮ ಮೂಗಿನ ಹತ್ತಿರ ಬರುವರು, ಮುಖ್ಯವಾದ ಮಾತು ಬಂದ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುವರು, ಆ ಮಾತು ನಮಗೆ ಕೇಳಿಸದೆ ಹೋಗುವುದು. ಕೈಗಳೆರಡೂ ಮೈಯಿಂದ ತುಸು ದೂರವಾಗಿಯೇ ಇರುತ್ತಿದ್ದವು. ಬೆರಳ ತುದಿಗಳು ಬಿಸಿ ಬಟ್ಟೆಗೆ ತಾಗಿ ತಾಗಿ ನುಣುಪಾಗಿ, ಒಲೆಯ ಮೇಲಿಂದ ಇಳಿಸಿದ ಪಾತ್ರೆಯನ್ನು ಬಟ್ಟೆಯಿಲ್ಲದೆ ಎತ್ತುವಷ್ಟು ಜಡ್ಡುಗಟ್ಟಿದ್ದವು.

ಆಮೇಲೆ ಆ ಕೋಟು. ಮೊದಲಿಗೆ ಅದರ ಬಣ್ಣವೇನಿತ್ತೆಂದು ಅವರ ಹೆಂಡತಿಗೂ ನೆನಪಿರಲಿಲ್ಲ. ಬೇಸಿಗೆ ಚಳಿಗಾಲಗಳ ಭೇದವಿಲ್ಲದೆ ಅದನ್ನು ಕುತ್ತಿಗೆಯ ತನಕ ಗುಂಡಿ ಹಾಕಿಕೊಂಡು ತೊಡುತ್ತಿದ್ದರು. ನೋಡಿದವರು ಶೋಕಿ ಎಂದು ನಗುತ್ತಿದ್ದರು. ಅದು ಶುದ್ಧ ಭಯವಾಗಿತ್ತು. ಹಬೆಯ ಕೋಣೆಯಲ್ಲಿ ಬೆನ್ನು ತೊಯ್ದು ಹೊರಗಿನ ಗಾಳಿಗೆ ಬಂದರೆ ಎದೆಗೆ ಶೀತ ಹಿಡಿಯುತ್ತದೆ, ಶೀತ ಹಿಡಿದರೆ ಜ್ವರ, ಜ್ವರ ಬಂದರೆ ಗೈರುಹಾಜರಿ. ಬೇರೆಯವರು ಸಾವಿಗೆ ಅಂಜುವ ಹಾಗೆ ಅವರು ಗೈರುಹಾಜರಿಗೆ ಅಂಜುತ್ತಿದ್ದರು.

ಹೇಗಿದ್ದೀರಿ ಎಂದು ಯಾರು ಕೇಳಿದರೂ ಅವರಲ್ಲಿ ಒಂದೇ ಉತ್ತರ: “ಇದೀನಲ್ಲ.” ಕಾಲುನೋವು ಹೇಗಿದೆ ಎಂದರೂ ಅದೇ, ಸಂಘದ ಮಾತುಕತೆ ಎಲ್ಲಿಗೆ ಬಂತು ಎಂದರೂ ಬಹುತೇಕ ಅದೇ. ಅವರ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ಮಾತಿನಲ್ಲಿ ಚುರುಕು, ಗಂಡನ ವಿಷಯದಲ್ಲಿ ಎರಡರಷ್ಟು ಚುರುಕು. “ಇವರಿಗೆ ಜ್ವರ ಬಂದ್ರೂ ವಾರದ ರಜೆ ನೋಡ್ಕೊಂಡೇ ಬರುತ್ತೆ. ಅದಕ್ಕೂ ಇವರ ಕಂಡ್ರೆ ಹೆದರಿಕೆ,” ಎನ್ನುತ್ತಿದ್ದರು. ಮಾತು ತಮಾಷೆಯದಾದರೂ ಅವರು ಅದನ್ನು ಹೇಳುವಾಗ ನಗುತ್ತಿರಲಿಲ್ಲ.

ಇಷ್ಟು ಹೇಳಿದರೆ ಅವರು ಧಣಿಗಳ ಮನುಷ್ಯನೆಂದು ಯಾರಿಗಾದರೂ ಅನ್ನಿಸೀತು. ಹಾಗಲ್ಲ, ಅವರು ಕಾರ್ಮಿಕ ಸಂಘದ ಕಾರ್ಯದರ್ಶಿ. ಇಸ್ತ್ರಿಯ ದೊಡ್ಡ ಉರುಳೆಗೆ ಹಾಸುಬಟ್ಟೆಯನ್ನು ಉಣಿಸಲು ಎರಡು ತುದಿಗೆ ಇಬ್ಬರು ಬೇಕೇ ಬೇಕು. ಒಬ್ಬರು ಬರದಿದ್ದರೆ ಇನ್ನೊಬ್ಬರು ಕೈಕಟ್ಟಿ ನಿಲ್ಲಬೇಕು, ಇಲ್ಲವೇ ಹೊಂದಿಕೆಯಿಲ್ಲದ ಹೊಸಬರ ಜೊತೆ ಹೆಣಗಿ ಬೆರಳು ಸುಟ್ಟುಕೊಳ್ಳಬೇಕು. ಅವರ ಹಾಜರಿಯ ವ್ರತ ಹುಟ್ಟಿದ್ದು ಅಲ್ಲಿ. “ನಾನು ಹೋಗ್ದೆ ಇದ್ರೆ ಆಚೆ ತುದಿ ಏನ್ಮಾಡ್ಬೇಕು?” ಎಂದು ನನ್ನನ್ನೇ ಕೇಳುತ್ತಿದ್ದರು, ಆಚೆ ತುದಿಯ ಜವಾಬ್ದಾರಿ ನನ್ನ ಮೇಲೂ ಇರುವ ಹಾಗೆ. ಧಣಿಗಾಗಿ ಅವರು ಒಂದು ಬೆಳಗೂ ಬೇಗ ಎದ್ದವರಲ್ಲ.

ಆಚೆ ತುದಿಯಲ್ಲಿ ಬಹುಕಾಲದಿಂದ ಇದ್ದವಳು ಒಬ್ಬ ಹೆಂಗಸು. ಅವಳು ಅವರನ್ನು ಅಣ್ಣ ಎನ್ನುತ್ತಿದ್ದಳು, ಅವರು ಅವಳನ್ನು ತಂಗ್ಯಮ್ಮ ಎನ್ನುತ್ತಿದ್ದರು. ನನಗೂ ಅವಳು ತಂಗ್ಯಮ್ಮನೇ ಆದಳು. ಗಂಡ ಬಿಟ್ಟುಹೋಗಿದ್ದ, ಶಾಲೆಗೆ ಹೋಗುವ ಮಗಳೊಬ್ಬಳಿದ್ದಳು, ಇಬ್ಬರ ಬದುಕೂ ಈ ಒಂದು ಕೆಲಸದ ಮೇಲೆ ನಿಂತಿತ್ತು. ಒಳ್ಳೆಯ ಮೈಕಟ್ಟಿನ, ಕಡಿಮೆ ಮಾತಿನ ಹೆಂಗಸು. ಉರುಳೆಯ ಸದ್ದಿನಲ್ಲಿ ಮಾತು ಹೇಗೂ ಕೇಳಿಸದು. ಅವರಿಬ್ಬರೂ ಬಟ್ಟೆ ಝಾಡಿಸುವ ರೀತಿಯಲ್ಲಿಯೇ ಒಬ್ಬರ ಮನಸ್ಸು ಇನ್ನೊಬ್ಬರಿಗೆ ತಿಳಿಯುತ್ತಿತ್ತಂತೆ. “ಅಣ್ಣಂಗೆ ಸಿಟ್ಟು ಬಂದಿದ್ರೆ ಬಟ್ಟೆ ಎಳೆದು ಬರುತ್ತೆ,” ಎಂದು ಅವಳೇ ಒಮ್ಮೆ ನನಗೆ ಹೇಳಿದ್ದಳು. ಆ ಕೋಣೆಯ ಸೆಕೆಗೆ ನೀರು ಕುಡಿಯಬೇಕು, ನೀರು ಕುಡಿದರೆ ಎದ್ದುಹೋಗಬೇಕು, ಎದ್ದುಹೋದರೆ ಉರುಳೆ ನಿಲ್ಲುತ್ತದೆ. ಆದ್ದರಿಂದ ಅಲ್ಲಿನ ಹೆಂಗಸರು ನೀರನ್ನೇ ಕುಡಿಯುತ್ತಿರಲಿಲ್ಲ. ಹಲವರಿಗೆ ಮೂತ್ರಪಿಂಡದ ಸೋಂಕು ಅಂಟಿಕೊಂಡಿತ್ತು. ತಂಗ್ಯಮ್ಮನಿಗೆ ಅದು ಬಿಟ್ಟುಬಿಟ್ಟು ಬರುವ ಜ್ವರವಾಗಿತ್ತು.

ಹಳೆಯ ಧಣಿಯ ಕಾಲದಲ್ಲಿ ಕಾಯಿಲೆಯ ಲೆಕ್ಕ ಸರಳವಾಗಿತ್ತು: ಎಷ್ಟು ದಿನ ಬರಲಿಲ್ಲವೋ ಅಷ್ಟು ದಿನ. ಜ್ವರದ ನಡುವೆ ಒಂದು ದಿನ ಮೈ ತುಸು ಹಗುರವಾದರೆ, ಬಂದು ಹಾಜರಿಯ ಕಾರ್ಡು ಒತ್ತಿ, ಬಾಗಿಲ ಬಳಿ ಚಿಂದಿ ಆರಿಸುತ್ತ ಕೂತು ಹೋಗುತ್ತಿದ್ದರು; ಆ ಮಟ್ಟಿಗೆ ಒಂದು ದಿನ ಉಳಿಯುತ್ತಿತ್ತು. ಮೇಸ್ತ್ರಿ ಕಂಡರೂ ಕಾಣದವನಂತೆ ಹೋಗುತ್ತಿದ್ದ. ಇದನ್ನು ಅವರೆಲ್ಲ ‘ಮುಖ ತೋರಿಸಿ ಬರೋದು’ ಎನ್ನುತ್ತಿದ್ದರು. ಆಮೇಲೆ ಕಾರ್ಖಾನೆ ಕೈ ಬದಲಾಯಿತು, ಹೊಸ ಕಂಪನಿ ಬಂತು, ಜೊತೆಗೆ ಹೊಸ ನಿಯಮ ಬಂತು. ಇನ್ನು ಮೇಲೆ ಎಣಿಸುವುದು ದಿನಗಳನ್ನಲ್ಲ, ಸಲಗಳನ್ನು. ಕಾಯಿಲೆಯೆಂದು ಒಂದು ದಿನ ಬರದಿದ್ದರೂ ಒಂದು ಗುರುತು, ಹದಿನೈದು ದಿನ ಬರದಿದ್ದರೂ ಒಂದೇ ಗುರುತು. ವರ್ಷದೊಳಗೆ ಮೂರನೆಯ ಗುರುತಿಗೆ ಕೊನೆಯ ಎಚ್ಚರಿಕೆ, ನಾಲ್ಕನೆಯದಕ್ಕೆ ಮನೆ. ಕಾಯಿಲೆ ನಿಜವೋ ಸುಳ್ಳೋ ಎಂಬ ಪ್ರಶ್ನೆಯೇ ಇಲ್ಲ. ವೈದ್ಯರ ಚೀಟಿ ತಂದರೂ ಗುರುತು ಗುರುತೇ. ಆಸ್ಪತ್ರೆಯ ಹಾಸಿಗೆಗಳಿಗೆ ಶುಭ್ರವಾದ ಬಟ್ಟೆ ಒದಗಿಸುವವರಿಗೆ ಆಸ್ಪತ್ರೆಯ ಹಾಸಿಗೆ ಹತ್ತುವ ಹಕ್ಕಿಲ್ಲವೆಂದು ಸಂಘದ ಕರಪತ್ರದಲ್ಲಿ ಬರೆದಿದ್ದರು. ಕರಡು ತಿದ್ದಿದವನು ನಾನೇ. ವಾಕ್ಯ ಚೆನ್ನಾಗಿತ್ತು, ಕಂಪನಿಯ ಮೇಲೆ ಅದರಿಂದ ಏನೂ ಪರಿಣಾಮ ಆಗಲಿಲ್ಲ.

ಆಗದಿರುವುದಕ್ಕೆ ಒಂದು ಕಾರಣ ಸ್ವತಃ ಕಾರ್ಯದರ್ಶಿಯವರೇ. ಮಾತುಕತೆಗೆ ಕೂತಾಗಲೆಲ್ಲ ಸಿಬ್ಬಂದಿ ವಿಭಾಗದ ಅಧಿಕಾರಿ, ಎಳೆಯ ವಯಸ್ಸಿನ, ಅತಿ ವಿನಯದ, ಎಲ್ಲರಿಗೂ ತಾನೇ ನೀರು ಬಗ್ಗಿಸಿ ಕೊಡುವ ಯುವಕ, ಇವರ ಕಡೆ ಕೈ ತೋರಿಸುತ್ತಿದ್ದ. “ನೀವೇ ನೋಡಿ ಸರ್, ನಿಮ್ಮ ಕಾರ್ಯದರ್ಶಿಗಳು ಇಷ್ಟು ವರ್ಷದಲ್ಲಿ ಒಂದು ಸಲಾನೂ ತಪ್ಪಿಸಿಲ್ಲ. ಅವರಿಗೆ ಆಗೋದು ಬೇರೆಯವರಿಗೆ ಯಾಕೆ ಆಗಲ್ಲ?” ಕಂಪನಿಯವರು ಒಂದು ದಿನ ಅವರ ಭಾವಚಿತ್ರ ತೆಗೆಸಿ, ‘ಮಾದರಿ ನೌಕರ’ ಎಂದು ಕೆಳಗೆ ಬರೆಸಿ, ಕಾರ್ಡು ಒತ್ತುವ ಯಂತ್ರದ ಪಕ್ಕದಲ್ಲಿಯೇ ತೂಗುಹಾಕಿದರು. ಜ್ವರದಲ್ಲಿ ತೂರಾಡುತ್ತ ಬಂದವರೆಲ್ಲ ಆ ಮುಖ ನೋಡಿಕೊಂಡೇ ಒಳಗೆ ಹೋಗಬೇಕು. ಸಂಘದ ಹುಡುಗರು ಹಲ್ಲು ಕಡಿದರು. ಇವರಿಗೆ ನಾಚಿಕೆಯಾಯಿತು, ಆದರೆ ಆ ನಾಚಿಕೆಯೊಳಗೆ ಎಲ್ಲೋ ಒಂದಿಷ್ಟು ಸಂತೋಷವೂ ಇತ್ತೆಂದು ನನಗೆ ಗೊತ್ತು. ಅದನ್ನು ಬಚ್ಚಿಡುವ ಕಲೆ ಅವರಿಗೆ ತಿಳಿದಿರಲಿಲ್ಲ.

ನಾನು ಒಮ್ಮೆ ರೇಗಿಯೇ ಹೇಳಿದೆ: “ಸಂಘಕ್ಕೋಸ್ಕರ ಆದ್ರೂ ಒಂದು ದಿನ ಜ್ವರ ಬರಿಸ್ಕೊಳ್ಳಿ ಅಣ್ಣ. ಬೇಕಾದ್ರೆ ನಂದೇ ಕೊಡ್ತೀನಿ.”

ಅವರು ಹತ್ತಿರ ಬಂದರು, ಹಿಂದೆ ಸರಿದರು. “ಬರದೆ ಇರೋದನ್ನ ಬಂತು ಅನ್ನೋದು ಹೇಗಪ್ಪ? ಹಾಜರಿ ವಿಷಯದಲ್ಲಿ ಮಾತ್ರ ನನ್ನ ಕೈಲಿ ಸುಳ್ಳು ಹೇಳ್ಸಬೇಡ,” ಎಂದರು. ಅತ್ತಿಗೆ ಒಳಗಿನಿಂದ, “ಬೇರೆ ವಿಷಯದಲ್ಲಿ ಹೇಳ್ತಾರೆ, ಕೇಳಿ ನೋಡಿ, ಕಾಲು ನೋವಿಲ್ಲ ಅಂತಾರೆ,” ಎಂದು ಸೇರಿಸಿದರು.

ಆ ವರ್ಷ ತಂಗ್ಯಮ್ಮನ ಮೇಲೆ ಅದಾಗಲೇ ಎರಡು ಗುರುತು ಬಿದ್ದಿದ್ದವು. ಮತ್ತೆ ಜ್ವರ ಬಂತು. ಮೂರನೆಯ ಗುರುತು ಆಯಿತು. ಅದೊಂದರಲ್ಲಿಯೇ ಎಷ್ಟು ದಿನ ಮಲಗಿದ್ದರೂ ನಷ್ಟವಿರಲಿಲ್ಲ, ಪೂರ್ತಿ ವಾಸಿಯಾಗುವ ತನಕ ಕದಲದೆ ಮಲಗಿರುವುದೇ ಜಾಣತನವಾಗಿತ್ತು. ಇದು ಅಣ್ಣನಿಗೆ ತಿಳಿಯದ ಸಂಗತಿಯಲ್ಲ; ಸಭೆಯಲ್ಲಿ ನಿಂತು ಈ ನಿಯಮವನ್ನು ಎಲ್ಲರಿಗೂ ಬಿಡಿಸಿ ಹೇಳಿದವರೇ ಅವರು. ಆದರೆ ತಲೆಗೆ ಗೊತ್ತಿರುವುದು ಬೇರೆ, ಮೈಗೆ ಗೊತ್ತಿರುವುದು ಬೇರೆ. ಒಂದು ಸಂಜೆ ಅವಳನ್ನು ನೋಡಲು ಹೋದರು. ಜ್ವರ ಇಳಿದಿತ್ತು, ಎದ್ದು ಕೂತಿದ್ದಳು. ಕೂತಿದ್ದವಳನ್ನು ಕಂಡ ಕೂಡಲೇ ಅವರೊಳಗಿನ ಹಳೆಯ ಕಾರ್ಖಾನೆ ಮಾತಾಡಿಬಿಟ್ಟಿತು: “ನಾಳೆ ಒಂದು ದಿನ ಬಂದು ಮುಖ ತೋರಿಸಿ ಹೋಗು ತಂಗ್ಯಮ್ಮ. ಆದಷ್ಟು ಬಂದ್ಲು ಅಂತಾಗುತ್ತೆ. ಕೆಲಸ ನಾನು ನೋಡ್ಕೋತೀನಿ.” ಅಣ್ಣ ಹೇಳಿದ ಮೇಲೆ ಅವಳು ಎರಡನೆಯ ಯೋಚನೆ ಮಾಡಲಿಲ್ಲ.

ಅವಳು ಬಂದಳು. ಆ ದಿನ ಅವರು ಮೇಸ್ತ್ರಿಯನ್ನು ಕೇಳಿ ದಿಂಬಿನ ಕವರುಗಳ ರಾಶಿಯನ್ನು ತಮ್ಮ ಉರುಳೆಗೆ ಹಾಕಿಸಿಕೊಂಡರು. ದಿಂಬಿನ ಕವರನ್ನು ಒಬ್ಬರೇ ಉಣಿಸಬಹುದು. ಸಾಲಾಗಿ ನಿಲ್ಲಿಸಿದ ಬಟ್ಟೆಯ ಗಾಡಿಗಳ ಮರೆಯಲ್ಲಿ ಮೂಟೆಗಳ ಮೇಲೆ ತಂಗ್ಯಮ್ಮ ದಿನವೆಲ್ಲ ಮಲಗಿದ್ದಳು. ಮಧ್ಯಾಹ್ನದ ಹೊತ್ತಿಗೆ ಜ್ವರ ಮತ್ತೆ ಏರಿತ್ತು. ಹತ್ತಿರದ ಉರುಳೆಗಳವರು ಕಂಡರು, ಯಾರೂ ಉಸಿರೆತ್ತಲಿಲ್ಲ. ಮರುದಿನ ಅವಳು ಆಸ್ಪತ್ರೆಗೆ ಸೇರಿದಳು.

ನಡುವೆ ಹಾಜರಿ ಹಾಕಿದ ಆ ಒಂದು ದಿನ ಒಂದು ಕಾಯಿಲೆಯನ್ನು ಎರಡಾಗಿ ಸೀಳಿತ್ತು. ಮೊದಲಿನದು ಮೂರನೆಯ ಗುರುತು, ಆಮೇಲಿನದು ನಾಲ್ಕನೆಯದು. ಬರದೆ ಮನೆಯಲ್ಲಿ ಮಲಗಿದ್ದಿದ್ದರೆ ಉಳಿಯುತ್ತಿದ್ದ ಕೆಲಸ, ಬಂದದ್ದರಿಂದ ಹೋಯಿತು. ಆಸ್ಪತ್ರೆಯಿಂದ ಮರಳಿದವಳ ಕೈಗೆ ವಿಚಾರಣೆಯ ನೋಟೀಸು ಬಂದ ದಿನ ಅದನ್ನು ಅಣ್ಣನಿಗೆ ಓದಿ ಹೇಳಿದವನು ನಾನು. ಓದಿ ಮುಗಿದ ಮೇಲೆ ಅವರು ನೋಟೀಸನ್ನು ಇಸಿದುಕೊಂಡು, ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು. “ನಾನೇ ಕರೆದದ್ದು,” ಎಂದರು. ಮಡಿಕೆಯ ಅಂಚನ್ನು ಬೆರಳಿನಿಂದ ಒತ್ತುತ್ತ ಮತ್ತೆ, “ಮಲಗಿದ್ದೋಳನ್ನ ಎಬ್ಬಿಸಿ ಕರೆದೆ,” ಎಂದರು. ಆ ರಾತ್ರಿ ಊಟ ಮಾಡಲಿಲ್ಲವೆಂದು ಅತ್ತಿಗೆ ಬೆಳಗ್ಗೆ ಹೇಳಿದರು. ನನಗೆ ಅವರನ್ನು ನೋಡಿ ಸಂಕಟವಾಯಿತು. ಜೊತೆಗೆ ಕೋಪವೂ ಬಂತು, ಏಕೆಂದರೆ ತಪ್ಪು ನಿಜವಾಗಿಯೂ ಅವರದ್ದೇ, ಆದರೆ ಅಂಥದೊಂದು ತಪ್ಪು ಮಾಡಲು ಇಂಥ ಒಳ್ಳೆಯ ಮನುಷ್ಯನೇ ಬೇಕಾಗಿತ್ತು.

ವಿಚಾರಣೆಗೆ ಸಂಘದ ಪರವಾಗಿ ನಡೆದದ್ದನ್ನು ಬರೆದುಕೊಳ್ಳಲು ಒಬ್ಬರನ್ನು ಕರೆತರಬಹುದಿತ್ತು, ನನ್ನನ್ನು ಕರೆದೊಯ್ದರು. ಹಿಂದಿನ ದಿನ ತಂಗ್ಯಮ್ಮ ನಮ್ಮ ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದ್ದಳು: ಬೆಳಗ್ಗೆ ಬಂದು ಕಾರ್ಡು ತೂರಿಸುವಾಗ ಎರಡು ಸಲ ತಪ್ಪಿದ್ದು, ದಿನವೆಲ್ಲ ಮೂಟೆಯ ಮೇಲೆ ಮಲಗಿದ್ದು. ಕೊನೆಗೆ, “ಕೆಲಸ ಹೋದ್ರೆ ಮಗಳ ಸ್ಕೂಲು ಬಿಡಿಸ್ಬೇಕಾಗುತ್ತೆ,” ಎಂದು, ಅಳದೆ, ಬೇರೆ ಯಾರದೋ ವಿಷಯ ಹೇಳುವವಳ ಹಾಗೆ ಹೇಳಿ ಎದ್ದುಹೋಗಿದ್ದಳು. ಅಣ್ಣನನ್ನು ಅವಳು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅವರಿಗೆ ಹಗುರವಾಗುತ್ತಿತ್ತೋ ಏನೋ.

ವಿಚಾರಣೆಯ ಕೋಣೆಯಲ್ಲಿ ಒಂದು ಉದ್ದನೆಯ ಮೇಜು, ನೀರಿನ ಹೂಜಿ, ತಿರುಗುವ ಕುರ್ಚಿಗಳು. ಅಧಿಕಾರಿ ಎಲ್ಲರಿಗೂ ನೀರು ಬಗ್ಗಿಸಿಕೊಟ್ಟ. ಅಣ್ಣ ಮೊದಲು ನ್ಯಾಯವಾಗಿಯೇ ವಾದ ಮಾಡಿದರು: ಕಾಯಿಲೆ ಒಂದೇ, ಜ್ವರ ಒಂದೇ, ಆಸ್ಪತ್ರೆಯವರೂ ಹಾಗೆಯೇ ಬರೆದುಕೊಟ್ಟಿದ್ದಾರೆ, ಹಾಗಾಗಿ ಗುರುತೂ ಒಂದೇ ಇರಬೇಕು.

“ಒಪ್ತೀನಿ ಸರ್. ಆದ್ರೆ ನಡುವೆ ಒಂದು ದಿನ ಬಂದಿದಾರಲ್ಲ. ಹುಷಾರಾಗಿದ್ರು, ಬಂದ್ರು, ಕೆಲಸ ಮಾಡಿದ್ರು, ಸಂಬಳಾನೂ ತಗೊಂಡ್ರು. ಆಮೇಲೆ ಬಂದಿದ್ದು ಹೊಸ ಕಾಯಿಲೆ ಅಂತಲೇ ನಾವು ತಗೋಬೇಕಾಗುತ್ತೆ. ನಿಯಮ ಎಲ್ಲರಿಗೂ ಒಂದೇ,” ಎಂದ ಅಧಿಕಾರಿ. ಆಮೇಲೆ ಮುಖದ ಮೇಲೆ ನಿಜವಾದ ಗೌರವ ತಂದುಕೊಂಡು, “ನಿಮ್ಮಂಥೋರು ಹತ್ತು ಜನ ಇದ್ದಿದ್ರೆ ಈ ನಿಯಮಾನೇ ಬೇಕಾಗ್ತಿರಲಿಲ್ಲ ಸರ್,” ಎಂದು ಸೇರಿಸಿದ.

ಆ ಹೊಗಳಿಕೆಯೇ ಅವರನ್ನು ಮುರಿಯಿತೆಂದು ನನ್ನ ನಂಬಿಕೆ. ಕುರ್ಚಿಯಲ್ಲಿ ಮುಂದಕ್ಕೆ ಬಂದರು, ಹಿಂದಕ್ಕೆ ಸರಿದರು. ಆದರೆ ಈ ಸಲ ಮಾತು ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು.

“ಅವತ್ತು ಅವಳು ಬರಲೇ ಇಲ್ಲ. ಅವಳ ಕಾರ್ಡು ನಾನೇ ಒತ್ತಿದ್ದು.”

ನನ್ನ ಲೇಖನಿ ನಿಂತಿತು. ತಂಗ್ಯಮ್ಮ ತಲೆಯೆತ್ತಿ, “ಅಣ್ಣ,” ಎಂದಳು. ಅವರು ಅವಳ ಕಡೆ ತಿರುಗಿ ನೋಡಿದರು. ನೋಟ ಕಠಿಣವೇನಲ್ಲ; ಉರುಳೆಯ ಎರಡು ತುದಿಗಳಲ್ಲಿ ನಿಂತು ಅಷ್ಟು ವರ್ಷ ಒಬ್ಬರನ್ನೊಬ್ಬರು ನೋಡಿಕೊಂಡ ಹಾಗೆಯೇ ಇತ್ತು. ಅವಳು ಬಾಯಿ ಮುಚ್ಚಿದಳು, ತಲೆ ತಗ್ಗಿಸಿದಳು, ಅಲ್ಲಿಂದ ಹೊರಡುವ ತನಕ ಮತ್ತೆ ಎತ್ತಲಿಲ್ಲ.

ಅಧಿಕಾರಿ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ. “ಸರ್, ನೀವು ಏನು ಹೇಳ್ತಿದೀರಿ ಗೊತ್ತಲ್ಲ? ಸುಳ್ಳು ಹಾಜರಿ ಹಾಕೋದಕ್ಕೆ ಏನು ಶಿಕ್ಷೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.”

“ಗೊತ್ತು.”

“ಇವರು ಹೇಳಿ ಮಾಡಿಸಿದ್ರಾ?”

“ಅವಳಿಗೆ ಗೊತ್ತೇ ಇಲ್ಲ. ಜ್ವರದಲ್ಲಿ ಮಲಗಿದ್ಲು. ಒಂದು ದಿನ ಉಳೀಲಿ ಅಂತ ನನ್ನ ಬುದ್ಧಿಗೆ ತೋಚಿದ್ದು ಮಾಡಿದೆ. ಆ ದಿನದ ಸಂಬಳ ನನ್ನದ್ರಲ್ಲಿ ಹಿಡ್ಕೊಳ್ಳಿ.”

“ಯಾಕೆ ಸರ್ ಇಷ್ಟು ದಿನ ಸುಮ್ಮನಿದ್ರಿ?”

“ಹೆದರಿಕೆ,” ಎಂದರು. ಅವರು ಅಲ್ಲಿ ಆಡಿದ ಮಾತುಗಳಲ್ಲಿ ಇದು ಪೂರ್ತಿ ಸುಳ್ಳಲ್ಲವೇನೋ.

ಹತ್ತಿರದ ಉರುಳೆಗಳವರನ್ನು ಕರೆಸಿ ಕೇಳಿದರು, ಆ ದಿನ ಇವಳನ್ನು ಕಂಡಿರಾ ಎಂದು. ಗಾಡಿಯ ಮರೆಯಲ್ಲಿ ಅವಳ ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟವರೂ, ತಮ್ಮ ಊಟದ ಡಬ್ಬಿಯಿಂದ ಎರಡು ತುತ್ತು ತಿನ್ನಿಸಿದವರೂ ಒಬ್ಬರ ನಂತರ ಒಬ್ಬರು ಬಂದು, ನೋಡಲಿಲ್ಲ ಎಂದರು. ಅವರಿಗೆ ಹಾಗೆನ್ನಲು ಯಾರೂ ಹೇಳಿಕೊಟ್ಟಿರಲಿಲ್ಲ. ಆಚೆ ವಿಭಾಗದಲ್ಲಿದ್ದ ಮೇಸ್ತ್ರಿಯೂ, ದಿಂಬಿನ ಕವರು ಕೇಳಿದ್ದು ನೆನಪಿದೆ, ಹೆಂಗಸನ್ನು ಕಂಡದ್ದು ನೆನಪಿಲ್ಲ ಎಂದ.

ಹೀಗೆ ಎರಡು ಕಾಯಿಲೆ ಮತ್ತೆ ಒಂದಾಯಿತು, ನಾಲ್ಕನೆಯ ಗುರುತು ಅಳಿಯಿತು, ತಂಗ್ಯಮ್ಮ ಮೂರನೆಯದರ ಕೊನೆಯ ಎಚ್ಚರಿಕೆಯೊಂದಿಗೆ ಕೆಲಸದಲ್ಲಿ ಉಳಿದಳು. ಅಣ್ಣನನ್ನು ತೆಗೆದುಹಾಕಿದರು. ಭಾವಚಿತ್ರವಿದ್ದ ಜಾಗದಲ್ಲಿಯೇ ಪ್ರಕಟಣೆಯ ಹಾಳೆ ಬಂತು: ಸುಳ್ಳು ಹಾಜರಿಯ ಆಪಾದನೆ, ತಪ್ಪೊಪ್ಪಿಗೆ, ವಜಾ. ಕಾರ್ಡು ಒತ್ತಲು ಬಂದವರೆಲ್ಲ ಅದನ್ನು ಓದಿಕೊಂಡು ಒಳಗೆ ಹೋದರು.

ಇಲ್ಲಿಗೆ ಕಥೆ ನಿಂತಿದ್ದರೆ ಇದನ್ನು ತ್ಯಾಗವೆಂದು ಕರೆದು ಕೈಮುಗಿದುಬಿಡಬಹುದಿತ್ತು. ಆದರೆ ಕಂಪನಿಯ ವಿನಯವಂತ ಯುವಕ ಮುಂದಿನ ಮಾತುಕತೆಯಲ್ಲಿ ಆ ಹಾಳೆಯನ್ನೇ ಮೇಜಿನ ಮೇಲಿಟ್ಟ. ಕಾಯಿಲೆ ರಜೆಯ ವಿಷಯದಲ್ಲಿ ನಂಬಿಕೆ ಇಡಿ ಎನ್ನುತ್ತೀರಿ, ನಿಮ್ಮ ಕಾರ್ಯದರ್ಶಿಯೇ ಕಳ್ಳ ಕಾರ್ಡು ಒತ್ತಿದರೆ ಯಾರನ್ನು ನಂಬುವುದು ಎಂದ. ನಿಯಮವನ್ನು ಸಡಿಲಿಸುವ ಮಾತು ಅಲ್ಲಿಗೆ ಬಿತ್ತು. ಸಂಘದ ಹುಡುಗರು ಸಿಟ್ಟಿನಲ್ಲಿ ಕುದಿದರು. “ಒಬ್ಬಳ ಕೆಲಸ ಉಳಿಸೋಕೆ ಹೋಗಿ ಎಲ್ಲರ ಕುತ್ತಿಗೆಗೆ ತಂದಿಟ್ರು,” ಎಂದು ಒಬ್ಬ ನನ್ನ ಮುಂದೆಯೇ ಅಂದ. ಅವನು ಹೇಳಿದ್ದು ಸುಳ್ಳೆಂದು ನಾನು ಹೇಳಲಾರೆ. ಸಂಘ ಬೇರೆ ಕಾರ್ಯದರ್ಶಿಯನ್ನು ಆರಿಸಿತು, ಹಳೆಯವರ ಹೆಸರನ್ನು ಸಭೆಗಳಲ್ಲಿ ಎತ್ತುವುದನ್ನು ಬಿಟ್ಟಿತು. ಕೆಲವರಿಗೆ ನಿಜ ಗೊತ್ತಿತ್ತು. ಆದರೆ ನಿಜ ಹೇಳಿದ ಗಳಿಗೆಯಲ್ಲಿಯೇ ತಂಗ್ಯಮ್ಮನ ಕೆಲಸ ಹೋಗುತ್ತಿತ್ತು. ಆದ್ದರಿಂದ ಅವರ ಹೆಸರು ಕೆಟ್ಟದ್ದು ಕೆಟ್ಟ ಹಾಗೆಯೇ ಉಳಿಯಬೇಕಾಯಿತು, ಅದನ್ನು ಹಾಗೆಯೇ ಇರಗೊಡುವ ಕೆಲಸದಲ್ಲಿ ಅವರನ್ನು ಪ್ರೀತಿಸುವ ನಾವೇ ಕೈ ಜೋಡಿಸಬೇಕಾಯಿತು.

ಅತ್ತಿಗೆಗೆ ಮಾತ್ರ ನಾನು ಎಲ್ಲವನ್ನೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, “ಸುಳ್ಳು ಹೇಳೋದೇ ಹೇಳಿದ್ರು, ಒಳ್ಳೆ ಕಡೆ ಹೇಳಿದ್ರು,” ಎಂದು ಸೆರಗಿನಿಂದ ಮುಖ ಒರೆಸಿಕೊಂಡರು.

ಕೆಲಸವಿಲ್ಲದ ಮನುಷ್ಯ ಮನೆಯಲ್ಲಿ ಹೇಗಿರಬೇಕೆಂದು ಅವರಿಗೆ ತಿಳಿಯಲಿಲ್ಲ. ಬೆಳಗ್ಗೆ ಎದ್ದು, ಸಿದ್ಧರಾಗಿ, ಜಗಲಿಯ ಮೇಲೆ ಕೂರುವರು. ಹಾದುಹೋಗುವ ಕೆಲಸಗಾರರು ಮೊದಮೊದಲು ನಿಂತು ಮಾತಾಡಿಸಿದರು, ಆಮೇಲೆ ತಲೆಯಾಡಿಸಿ ಹೋದರು, ಆಮೇಲೆ ಆಚೆ ಬೀದಿಯಿಂದ ಹೋಗತೊಡಗಿದರು. ಅಷ್ಟು ವರ್ಷ ಬಾಗಿಲಾಚೆ ಕಾದು ಕೂತಿದ್ದ ಕಾಯಿಲೆಗಳೆಲ್ಲ ಈಗ ಒಳಗೆ ಬಂದವು. ಎದೆಯಲ್ಲಿ ಕೆಮ್ಮು ನಿಂತಿತು, ಕಾಲು ಊದಿತು, ಬಟ್ಟೆಯ ಧೂಳೂ ಸೋಪಿನ ಹಬೆಯೂ ಶ್ವಾಸಕೋಶದಲ್ಲಿ ಮಾಡಿಟ್ಟದ್ದೆಲ್ಲ ವೈದ್ಯರಿಗೆ ಒಂದೇ ಎಕ್ಸರೇ ಚಿತ್ರದಲ್ಲಿ ಕಂಡಿತು. ಇದು ಈಚಿನದಲ್ಲ, ಬಹಳ ಹಿಂದೆಯೇ ಮಲಗಬೇಕಾಗಿತ್ತು ಎಂದರು ವೈದ್ಯರು. “ಪುರಸೊತ್ತು ಇರಲಿಲ್ಲ,” ಎಂದು ಅತ್ತಿಗೆಯೇ ಗಂಡನ ಪರವಾಗಿ ಉತ್ತರ ಕೊಟ್ಟರು.

ತಂಗ್ಯಮ್ಮ ಮೊದಲು ವಾರಕ್ಕೊಮ್ಮೆ ಬರುತ್ತಿದ್ದಳು, ಬಂದು ಮೂಲೆಯಲ್ಲಿ ಕೂರುತ್ತಿದ್ದಳು. ಅವರು ಅವಳ ಹೊಸ ಜೊತೆಗಾತಿಯ ಬಗ್ಗೆ ಕೇಳುತ್ತಿದ್ದರು: ತುದಿ ಸರಿಯಾಗಿ ಕೊಡುತ್ತಾಳೋ, ಎಳೆಯುತ್ತಾಳೋ? ಅವಳು ಹೂಂ ಎನ್ನುತ್ತಿದ್ದಳು. ಒಂದು ಸಲ ಅವಳ ಮುಖ ಕೆಂಡದ ಹಾಗೆ ಸುಡುತ್ತಿತ್ತು. ಮುಟ್ಟಿ ನೋಡಿದ ಅತ್ತಿಗೆ, ಜ್ವರ ಕಣೇ ಇದು, ಎಂದರು. “ಕೆಲಸಕ್ಕೆ ಹೋಗಿದ್ದೆ. ಇನ್ನೊಂದು ಗುರುತು ಬಿದ್ರೆ ಆಯ್ತಲ್ಲ ಅತ್ತಿಗೆ,” ಎಂದಳು. ಅಣ್ಣ ಗೋಡೆಯ ಕಡೆ ಹೊರಳಿದರು. ತಾವು ಹೆಸರು ಮಾರಿ ಕೊಂಡುಕೊಟ್ಟದ್ದು ಅವಳಿಗೆ ಜ್ವರದಲ್ಲಿ ದುಡಿಯುವ ಹಕ್ಕನ್ನಷ್ಟೇ ಎಂಬುದು ಆಗ ಅವರಿಗೆ ಪೂರ್ತಿಯಾಗಿ ತಿಳಿದಿರಬೇಕು. ಆಮೇಲೆ ಅವಳು ಬರುವುದು ಕಡಿಮೆಯಾಯಿತು. ನಾನು ಅವಳನ್ನು ದೂರಲಿಲ್ಲ. ಅವರ ಎದುರು ಕೂರುವುದು ಅವಳಿಗೆ ಉರುಳೆಯ ಮುಂದೆ ನಿಲ್ಲುವುದಕ್ಕಿಂತ ಕಷ್ಟವಾಗಿತ್ತು.

ಅವರು ತೀರಿಕೊಂಡದ್ದು ವಾರದ ನಡುವಿನ ಒಂದು ಬೆಳಗ್ಗೆ, ಪಾಳಿ ಶುರುವಾಗುವ ಹೊತ್ತಿಗೆ. ಸಂಸ್ಕಾರಕ್ಕೆ ನಾಲ್ಕೈದು ಜನ ಸೇರಿದೆವು, ನೆರೆಯವರು, ಒಂದಿಬ್ಬರು ನಿವೃತ್ತರು. ಕಾರ್ಖಾನೆಯಿಂದ ಯಾರೂ ಬರಲಿಲ್ಲ. ರಕ್ತಸಂಬಂಧಿಗಳ ಸಾವಿಗಲ್ಲದೆ ಬೇರೆಯವರ ಸಾವಿಗೆ ರಜೆಯಿರಲಿಲ್ಲ. ಕಾಯಿಲೆ ಎಂದು ಹೇಳಿ ಬರಬೇಕು, ಬಂದರೆ ಗುರುತು. ತಂಗ್ಯಮ್ಮ ಬಂದದ್ದು ಸಂಜೆ, ಎಲ್ಲ ಮುಗಿದ ಮೇಲೆ, ಕೆಲಸದ ಬಟ್ಟೆಯಲ್ಲಿಯೇ. ಒಳಗೆ ಬರದೆ ಹೊಸ್ತಿಲ ಆಚೆಯೇ ನಿಂತಳು. ಅತ್ತಿಗೆ ಎದ್ದುಹೋಗಿ ಅವಳ ಕೈ ಹಿಡಿದರು. “ಬೆಳಗ್ಗೇನೇ ಗೊತ್ತಾಯ್ತು ಅತ್ತಿಗೆ. ಇಡೀ ದಿನ ಅಲ್ಲೇ ಇದ್ದೆ,” ಎಂದಳು ಅವಳು.

“ಬಂದಿದ್ರೆ ಬೈತಿದ್ರು,” ಎಂದರು ಅತ್ತಿಗೆ.

ಇದನ್ನೆಲ್ಲ ಈಗ ಬರೆಯಬಹುದು. ತಂಗ್ಯಮ್ಮ ಆ ಕೆಲಸ ಬಿಟ್ಟು ಎಷ್ಟೋ ವರ್ಷಗಳಾದವು, ಮಗಳು ದುಡಿಯುತ್ತಿದ್ದಾಳೆ, ಕಾರ್ಖಾನೆಗೆ ಬೀಗ ಬಿದ್ದಿದೆ, ಅತ್ತಿಗೆ ಇಲ್ಲ. ನಿಜ ಹೇಳಿದರೆ ಯಾರಿಗೂ ತೊಂದರೆಯಿಲ್ಲ. ಯಾರಿಗೂ ಪ್ರಯೋಜನವೂ ಇಲ್ಲ.

ಇಂಥವರಿಂದಲೇ ಲೋಕ ನಡೆಯುತ್ತದೆ ಎನ್ನುವುದು ವಾಡಿಕೆ. ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತದೆ. ನಡೆಯುವುದೇನೋ ಇವರಿಂದಲೇ ನಿಜ, ಆದರೆ ಇವರು ಇದ್ದಾರೆಂಬ ಧೈರ್ಯದ ಮೇಲೆಯೇ ಲೋಕ ಇಷ್ಟು ಕೆಟ್ಟದಾಗಿ ನಡೆಯುತ್ತದೆ. ಇವರು ಬೀಳುವುದಿಲ್ಲ, ಆದ್ದರಿಂದ ಬೀಳುವವರೆಲ್ಲ ಸೋಗಿನವರೆನ್ನಿಸಿಕೊಳ್ಳುತ್ತಾರೆ. ಇವರು ಕೇಳುವುದಿಲ್ಲ, ಆದ್ದರಿಂದ ಕೇಳುವವರೆಲ್ಲ ಸೋಮಾರಿಗಳಾಗುತ್ತಾರೆ. ತಮ್ಮ ಒಳ್ಳೆಯತನವೇ ಪಕ್ಕದವರ ಬೆನ್ನಿನ ಮೇಲೆ ಬಾರುಕೋಲಾಗಿ ಆಡುತ್ತಿದೆಯೆಂದು ಇವರಲ್ಲಿ ಬಹಳ ಮಂದಿಗೆ ಕೊನೆಯ ತನಕ ತಿಳಿಯುವುದಿಲ್ಲ, ತಿಳಿಯದೆ ಸನ್ಮಾನದ ಹಾರ ಹಾಕಿಸಿಕೊಂಡು ಹೋಗಿಬಿಡುತ್ತಾರೆ. ಎಲ್ಲೋ ಒಬ್ಬರಿಗೆ ಮಾತ್ರ ತಿಳಿಯುತ್ತದೆ. ತಿಳಿದ ದಿನ ಅವರು ಆ ಬಾರುಕೋಲನ್ನು ತಮ್ಮ ಕೈಯಾರೆ ಮುರಿಯುತ್ತಾರೆ. ಮುರಿಯುವಾಗ ತಮ್ಮ ಹೆಸರೂ ಅದರ ಜೊತೆಗೆ ಮುರಿಯುತ್ತದೆ, ಆ ಹೆಸರನ್ನು ಮತ್ತೆ ನೆಟ್ಟಗೆ ಮಾಡಬಲ್ಲವರು ಬಾಯಿ ಮುಚ್ಚಿಕೊಂಡಿರುವುದೇ ಅವರ ಕಡೆಯ ಆಸೆಯಾಗಿರುತ್ತದೆ. ನಾವು ಮುಚ್ಚಿಕೊಂಡಿರುತ್ತೇವೆ. ಅದು ನಮಗೆ ಅಷ್ಟೇನೂ ಕಷ್ಟವಾಗುವುದಿಲ್ಲ ಎಂಬುದನ್ನು ಮಾತ್ರ ನಾನು ಈಗಲೂ ಸಹಿಸಲಾರೆ.